ಸಿಲಿಂಡರಿನಿಂದ ರಕ್ತದವರೆಗೆ: ಆಕ್ಸಿಜನ್ ಚಿಕಿತ್ಸೆಯ ಭೌತವಿಜ್ಞಾನ

ಉಸಿರಾಟದ ತೊಂದರೆ ಇರುವ ರೋಗಿಯ ಮೂಗಿಗೆ ಸಣ್ಣ ನಳಿಕೆ ಸಿಕ್ಕಿಸಿ ಆಕ್ಸಿಜನ್ ಕೊಡುವುದನ್ನು ನೀವು ಆಸ್ಪತ್ರೆಯಲ್ಲಿ ನೋಡಿರಬಹುದು. ಗಾಳಿಯಲ್ಲಿ ಹೇಗೂ ಶೇಕಡ 21ರಷ್ಟು ಆಕ್ಸಿಜನ್ ಇದೆಯಲ್ಲ, ಇನ್ನಷ್ಟು ಕೊಟ್ಟರೆ ಆಗುವ ಲಾಭವೇನು? ವಿದ್ಯಾರ್ಥಿಗಳು ಹೀಗೆ ಕೇಳಿದಾಗ 'ಅದು ಪ್ರಾಣವಾಯು' ಎಂದುಬಿಟ್ಟರೆ ಉತ್ತರ ಕೊಟ್ಟಂತಾಗುವುದಿಲ್ಲ. ಉತ್ತರವಿರುವುದು ಡಾಲ್ಟನ್ನನ ನಿಯಮದಲ್ಲಿ.

ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡವನ್ನು ಹಾಕುತ್ತದೆ. ಇದೇ ಆಂಶಿಕ ಒತ್ತಡ. ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಸುಮಾರು 720 ಮಿ.ಮೀ. ಪಾದರಸ. ಶ್ವಾಸನಾಳದಲ್ಲಿ ಗಾಳಿ ತೇವಗೊಂಡಾಗ ಅದರಲ್ಲಿ 47 ಮಿ.ಮೀ. ನೀರಾವಿಯ ಪಾಲಾಗುತ್ತದೆ. ಉಳಿದ 673ರಲ್ಲಿ ಶೇಕಡ 21 ಎಂದರೆ 141. ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತವು ಆಕ್ಸಿಜನ್ನನ್ನು ಪಡೆದು ಕಾರ್ಬನ್ ಡೈಆಕ್ಸೈಡನ್ನು ಬಿಡುವುದರಿಂದ ಇನ್ನೂ ಸುಮಾರು 50 ಕಳೆಯುತ್ತದೆ. ಕೊನೆಗೆ ಉಳಿಯುವುದು 91. ಗಾಳಿಗೂಡಿನ ಬಳಿಗೆ ಬರುವ ರಕ್ತದಲ್ಲಿ ಆಕ್ಸಿಜನ್ನಿನ ಆಂಶಿಕ ಒತ್ತಡ ಸುಮಾರು 40. ಈ 51ರ ವ್ಯತ್ಯಾಸವೇ ಆಕ್ಸಿಜನ್ ಅಣುಗಳನ್ನು ತೆಳುವಾದ ಪೊರೆಯ ಮೂಲಕ ರಕ್ತಕ್ಕೆ ಸಾಗಿಸುತ್ತದೆ.

ನ್ಯುಮೋನಿಯಾದಲ್ಲಿ ಪೊರೆ ಊದಿಕೊಂಡು ದಪ್ಪವಾಗುತ್ತದೆ, ಕೆಲವು ಗೂಡುಗಳಿಗೆ ಗಾಳಿ ಸರಿಯಾಗಿ ತಲುಪುವುದಿಲ್ಲ. ಆಗ ಮುಖವಾಡದ ಮೂಲಕ ಶೇಕಡ 40ರ ಆಕ್ಸಿಜನ್ ಕೊಡುತ್ತೇವೆ ಎನ್ನಿ. ಅದೇ ಲೆಕ್ಕವನ್ನು ಮತ್ತೆ ಮಾಡಿ: 269ರಲ್ಲಿ 50 ಕಳೆದರೆ 219. ವ್ಯತ್ಯಾಸ 51ರಿಂದ 179ಕ್ಕೆ ಏರಿತು. ದಾರಿ ಕಠಿಣವಾದರೂ ತಳ್ಳುವ ಒತ್ತಡ ಮೂರೂವರೆ ಪಟ್ಟಾಯಿತು. ಆದರೆ ಗೂಡು ದ್ರವದಿಂದ ಪೂರ್ತಿ ತುಂಬಿದ್ದರೆ ಈ ಉಪಾಯ ನಡೆಯದು. ಅಲ್ಲಿಗೆ ಅನಿಲ ತಲುಪುವುದೇ ಇಲ್ಲ. ಕೋವಿಡ್ ರೋಗಿಗಳನ್ನು ಬೋರಲು ಮಲಗಿಸುತ್ತಿದ್ದುದು ಬೆನ್ನಿನ ಕಡೆಯ ಮುಚ್ಚಿದ ಗೂಡುಗಳು ತೆರೆದುಕೊಳ್ಳಲೆಂದು.

ಆರೋಗ್ಯವಂತರಿಗೆ ಹೆಚ್ಚಿನ ಆಕ್ಸಿಜನ್ನಿನಿಂದ ಪ್ರಯೋಜನವಿಲ್ಲ. 1 ಗ್ರಾಂ ಹೀಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ನನ್ನು ಹಿಡಿಯುತ್ತದೆ. 100 ಮಿ.ಲೀ. ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿ.ಲೀ. ಆಯಿತು. ನೇರವಾಗಿ ರಕ್ತದಲ್ಲಿ ಕರಗುವುದು ಬರೀ 0.3 ಮಿ.ಲೀ. ಹೀಮೋಗ್ಲೋಬಿನ್ ಆಗಲೇ ಶೇಕಡ 97 ತುಂಬಿದ್ದರೆ ಇನ್ನೆಲ್ಲಿ ತುಂಬುವುದು? ಒತ್ತಡ 100ರಿಂದ 60ಕ್ಕೆ ಇಳಿದರೂ ಈ ತುಂಬಿಕೆ ಶೇಕಡ 90ರ ಆಸುಪಾಸಿನಲ್ಲಿ ನಿಲ್ಲುತ್ತದೆ. 60ರ ಕೆಳಗೆ ಕಡಿದಾಗಿ ಬೀಳುತ್ತದೆ. ಆ ಇಳಿಜಾರಿನಲ್ಲಿರುವ ರೋಗಿಗೆ ಒತ್ತಡವನ್ನು ಹತ್ತು ಹದಿನೈದು ಮಿ.ಮೀ. ಏರಿಸಿದರೂ ದೊಡ್ಡ ಲಾಭ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ತೋರಿಸುವುದು ಈ ತುಂಬಿಕೆಯನ್ನೇ. 660 ನ್ಯಾನೋಮೀಟರಿನ ಕೆಂಪು ಬೆಳಕು ಮತ್ತು 940ರ ಅವಕೆಂಪು ಬೆಳಕನ್ನು ರಕ್ತ ಎಷ್ಟೆಷ್ಟು ಹೀರಿತು ಎಂಬುದನ್ನು ಹೋಲಿಸಿ ಅದು ಲೆಕ್ಕ ಹಾಕುತ್ತದೆ. ಉಗುರುಬಣ್ಣ ಅಥವಾ ತಣ್ಣಗಿನ ಬೆರಳಿದ್ದರೆ ತಪ್ಪಬಹುದು. ಚರ್ಮ ಕಪ್ಪಗಿದ್ದಾಗ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಇನ್ನೊಂದು ಮಾತು: ಹೀಮೋಗ್ಲೋಬಿನ್ 7 ಗ್ರಾಂ ಇರುವ ಬಾಣಂತಿಗೂ ಅದು 98 ಎಂದೇ ತೋರಿಸೀತು. ಆಕೆಯ ರಕ್ತದಲ್ಲಿರುವ ಆಕ್ಸಿಜನ್ ಅರ್ಧಕ್ಕಿಂತ ಕಡಿಮೆ!

ಇನ್ನು ಸಿಲಿಂಡರಿನ ಲೆಕ್ಕ. ತರಗತಿಯಲ್ಲಿ ಬಾಯ್ಲ್ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬೇಕಾದ ರೋಗಿಯನ್ನು ಆಂಬುಲೆನ್ಸಿನಲ್ಲಿ ತರಬೇಕು. ಬಿ ಮಾದರಿಯ ಸಿಲಿಂಡರಿನ ಒಳಗಾತ್ರ 10 ಲೀಟರ್; ಒತ್ತಡ 150 ವಾಯುಮಂಡಲ ಇದ್ದರೆ ಅದರಲ್ಲಿರುವ ಅನಿಲ 10 × 150 = 1500 ಲೀಟರ್, ಅಂದರೆ 150 ನಿಮಿಷಕ್ಕೆ ಸಾಕು. ಮಾಪಕದ ಮುಳ್ಳು 50ರಲ್ಲಿದ್ದರೆ? 500 ಲೀಟರ್, 50 ನಿಮಿಷ. ಹತ್ತಿಸಲು, ಇಳಿಸಲು, ಹುಮನಾಬಾದ್ ರಸ್ತೆಯಲ್ಲಿ ಲಾರಿಗಳ ಹಿಂದೆ ಕಾಯಲು ಹಿಡಿಯುವ ಹೊತ್ತನ್ನು ಸೇರಿಸಿದರೆ ಇದು ಸಾಲದು. 'ಸಿಲಿಂಡರ್ ಇದೆ' ಎಂದಷ್ಟೇ ಕೇಳಿ ಹೊರಡಬಾರದು. ಮುಳ್ಳು ಎಲ್ಲಿದೆ ಎಂದು ನೋಡಬೇಕು.

ಜಿಲ್ಲೆಗಳಿಗೂ ಇದೇ ಲೆಕ್ಕ. ಭಾರತದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯದು. 2021ರ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು ರೋಗಿಗಳು ಪ್ರಾಣ ಕಳೆದುಕೊಂಡರು. ಗಾಳಿಯಲ್ಲಿ ಆಕ್ಸಿಜನ್ನಿಗೆ ಬರವಿರಲಿಲ್ಲ. ಬರವಿದ್ದುದು ಅದನ್ನು ಬೇರ್ಪಡಿಸಿ ಹೊತ್ತಿಗೆ ಸರಿಯಾಗಿ ತಲುಪಿಸುವ ಏರ್ಪಾಟಿಗೆ. ಆಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಲೂ ದ್ರವ ಆಕ್ಸಿಜನ್ ಬಂತು. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಅದರ 1 ಲೀಟರ್, ಕೋಣೆಯ ಉಷ್ಣತೆಯಲ್ಲಿ ಸುಮಾರು 860 ಲೀಟರ್ ಅನಿಲವಾಗುತ್ತದೆ. ಮನೆಯಲ್ಲಿ ಬಳಸುವ ಕಾನ್ಸಂಟ್ರೇಟರ್ ಯಂತ್ರದ ರೀತಿ ಬೇರೆ. ಅದರೊಳಗಿನ ಜಿಯೊಲೈಟ್ ಹರಳುಗಳು ಒತ್ತಡದಲ್ಲಿ ನೈಟ್ರೋಜನ್ನನ್ನು ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಬಿಟ್ಟುಕೊಡುತ್ತವೆ. ಅನುಕೂಲವೇ, ಆದರೆ ಕರೆಂಟ್ ಹೋದರೆ ಯಂತ್ರ ನಿಂತಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಆಕ್ಸಿಜನ್ನೂ ಇದೆ. ಔಷಧಿ ಎಂದಮೇಲೆ ಪ್ರಮಾಣವೂ ಉಂಟು. ಬೀಡಿಯ ಅಥವಾ ಒಲೆಯ ಹೊಗೆಯಿಂದ ಶ್ವಾಸನಾಳಗಳು ವರ್ಷಗಟ್ಟಲೆ ಕೆಟ್ಟವರಲ್ಲಿ ಕೆಲವರಿಗೆ ಹೆಚ್ಚು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಅಂಥವರಲ್ಲಿ ವೈದ್ಯರು ತುಂಬಿಕೆಯನ್ನು 88ರಿಂದ 92ರ ನಡುವೆ ಇಡುತ್ತಾರೆ. ಆದ್ದರಿಂದ ಮನೆಯವರು ಕನಿಕರದಿಂದ ಗುಂಡಿ ತಿರುಗಿಸಿ ಹರಿವನ್ನು ಹೆಚ್ಚಿಸಬಾರದು. ರೋಗಿಯ ಹತ್ತಿರ ಬೀಡಿ, ದೀಪ ಬೇಡ. ಎಣ್ಣೆ ಕೈಯಲ್ಲಿ ರೆಗ್ಯುಲೇಟರನ್ನು ಮುಟ್ಟಬೇಡಿ. ಅಷ್ಟು ಒತ್ತಡದ ಆಕ್ಸಿಜನ್ ತಗುಲಿದರೆ ಎಣ್ಣೆ, ಗ್ರೀಸು ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲವು.