ಸೇನಾಡಳಿತದ ನೆರಳಿನಲ್ಲಿ ಹವಾಯಿಯ ಶಾಸನಸಭೆ

ಶಾಸನಸಭೆ ವಿಸರ್ಜನೆಯಾಗದೆ, ಚುನಾವಣೆ ನಿಲ್ಲದೆ, ಅಧಿವೇಶನವೂ ಕಾಲಕ್ಕೆ ಸರಿಯಾಗಿ ಸೇರುತ್ತಿರುವಾಗಲೇ ಪ್ರಜೆಗಳಲ್ಲಿ ಮೂರರಲ್ಲೊಂದು ಪಾಲಿನವರಿಗೆ ಅಲ್ಲಿ ದನಿಯಿಲ್ಲದಂತಾಗುವುದು ಸಾಧ್ಯವೇ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವಾಯಿ ದ್ವೀಪಗಳಲ್ಲಿ ಹಾಗೆಯೇ ಆಯಿತು.

1898ರಲ್ಲಿ ಅಮೆರಿಕಕ್ಕೆ ಸೇರಿದ ಹವಾಯಿ, ರಾಜ್ಯದ ಪದವಿಯನ್ನು ಪಡೆದುದು 1959ರಲ್ಲಿ. ನಡುವಣ ಕಾಲದಲ್ಲಿ ಅದು ‘ಟೆರಿಟರಿ’. 1900ರ ಮೂಲಶಾಸನದಂತೆ ಗವರ್ನರನನ್ನು ಅಮೆರಿಕದ ಅಧ್ಯಕ್ಷನೇ ನೇಮಿಸುತ್ತಿದ್ದನು. 15 ಸದಸ್ಯರ ಮೇಲ್ಮನೆಯನ್ನೂ 30 ಸದಸ್ಯರ ಕೆಳಮನೆಯನ್ನೂ ಜನರು ಆರಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, 60 ದಿನಗಳ ಅಧಿವೇಶನ. ಹೊನೊಲುಲುವಿನ ಇಯೊಲಾನಿ ಅರಮನೆಯೇ ಸಭಾಸ್ಥಾನ: ಹಳೆಯ ಅರಸರ ಸಿಂಹಾಸನದ ಹಜಾರದಲ್ಲಿ ಕೆಳಮನೆ, ಭೋಜನಶಾಲೆಯಲ್ಲಿ ಮೇಲ್ಮನೆ.

ಕಬ್ಬಿನ ತೋಟಗಳ ದುಡಿಮೆಗೆಂದು ಬಂದು ನೆಲೆಸಿದ ಜಪಾನೀಯರೂ ಅವರ ಸಂತತಿಯೂ 1940ರ ವೇಳೆಗೆ ಸುಮಾರು 4,23,000 ಜನಸಂಖ್ಯೆಯಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚಾಗಿದ್ದರು. ವಲಸೆ ಬಂದವರಿಗೆ ಪೌರತ್ವ ದೊರೆಯುವಂತಿರಲಿಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೆ ಅದು ಜನ್ಮಸಿದ್ಧ. ಆ ಮಕ್ಕಳು ಬೆಳೆದು ಮತದಾರರಾಗುವವರೆಗೆ ಕಾಯಬೇಕಾಯಿತು. 1930ರಲ್ಲಿ ಆಂಡಿ ಯಮಾಶಿರೊ, ತಸಾಕು ಓಕಾ ಎಂಬಿಬ್ಬರು ಕೆಳಮನೆಗೂ, 1940ರಲ್ಲಿ ಸಾಂಜಿ ಆಬೆ ಮೇಲ್ಮನೆಗೂ ಆಯ್ಕೆಯಾದರು.

ಯುದ್ಧ ಸಮೀಪಿಸಿತೆಂದು ತಿಳಿದ ಶಾಸನಸಭೆ 1941ರ ವಿಶೇಷ ಅಧಿವೇಶನದಲ್ಲಿ ರಕ್ಷಣಾ ಶಾಸನವೊಂದನ್ನು ಮಾಡಿ, ಆಪತ್ಕಾಲದ ವಿಶಾಲ ಅಧಿಕಾರಗಳನ್ನು ಗವರ್ನರನಿಗೆ ವಹಿಸಿತ್ತು. ಅಕ್ಟೋಬರಿನಲ್ಲಿ ಅದಕ್ಕೆ ಅಂಕಿತ ಬಿದ್ದಿತು. ಎರಡು ತಿಂಗಳು ತುಂಬುವ ಹೊತ್ತಿಗೆ, ಡಿಸೆಂಬರ್ 7ರಂದು, ಪರ್ಲ್ ಹಾರ್ಬರಿನ ಮೇಲೆ ದಾಳಿಯಾಯಿತು. ಗವರ್ನರ್ ಪಾಯಿಂಡೆಕ್ಸ್ಟರ್ ಮೂಲಶಾಸನದ 67ನೆಯ ವಿಧಿಯನ್ನು ಆಧರಿಸಿ ಸೇನಾಡಳಿತವನ್ನು ಘೋಷಿಸಿ, ತನ್ನ ಅಧಿಕಾರವನ್ನೂ ನ್ಯಾಯಾಲಯಗಳ ಅಧಿಕಾರವನ್ನೂ ಸೇನಾಪತಿಗೆ ಒಪ್ಪಿಸಿದನು. ಸೈನಿಕ ಗವರ್ನರನ ಕಚೇರಿಯೂ ಇಯೊಲಾನಿ ಅರಮನೆಗೇ ಬಂದಿತು. ಆಮೇಲೆ ಆಳಿದ್ದು ಆಜ್ಞಾಪತ್ರಗಳು. ಕೂಲಿ, ಬಾಡಿಗೆ, ಸಂಚಾರ, ಪತ್ರಿಕೆ, ಎಲ್ಲವೂ ಅವುಗಳ ವ್ಯಾಪ್ತಿಗೆ ಬಂದವು. ನನ್ನಂತಹ ಬ್ಯಾಂಕಿನವನಿಗೆ ಬೆರಗು ಹುಟ್ಟಿಸುವ ಸಂಗತಿಯೊಂದುಂಟು: 1942ರಲ್ಲಿ ಅಲ್ಲಿಯ ನೋಟುಗಳನ್ನು ಹಿಂತೆಗೆದು ಸುಟ್ಟು, ‘ಹವಾಯಿ’ ಎಂಬ ಮುದ್ರೆಯೊತ್ತಿದ ಬೇರೆ ನೋಟುಗಳನ್ನು ಚಲಾವಣೆಗೆ ತಂದರು. ದ್ವೀಪಗಳು ಶತ್ರುವಿನ ಕೈಸೇರಿದರೆ ಆ ಹಣವನ್ನು ಅಮಾನ್ಯಗೊಳಿಸುವುದು ಉದ್ದೇಶ.

ಆ ವರ್ಷದ ನವೆಂಬರಿನಲ್ಲಿ ಚುನಾವಣೆಯೂ ನಡೆಯಿತು. ಜಪಾನೀ ವಂಶದವರು ಸ್ಪರ್ಧಿಸಬಾರದೆಂಬ ಕಾನೂನು ಎಲ್ಲಿಯೂ ಇರಲಿಲ್ಲ. ಆದರೆ ಆಗಸ್ಟಿನಲ್ಲಿಯೇ, ಆಬೆಯವರ ಒಡೆತನದ ನಾಟಕಮಂದಿರದಲ್ಲಿ ಜಪಾನೀ ಧ್ವಜ ಸಿಕ್ಕಿತೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಗಿತ್ತು. ಆ ಆರೋಪ ನಿಲ್ಲಲಿಲ್ಲ. ಆದರೂ ಸೆಪ್ಟೆಂಬರಿನಲ್ಲಿ ಮತ್ತೆ ಹಿಡಿದು ಶಿಬಿರದಲ್ಲಿರಿಸಿದರು. ಹೀಲೋ ಪಟ್ಟಣದ ಪ್ರತಿನಿಧಿ ಥಾಮಸ್ ಸಕಾಕಿಹಾರರಿಗೂ ಶಿಬಿರವಾಸ ತಪ್ಪಲಿಲ್ಲ. ಇದನ್ನು ಕಂಡ ಮೇಲೆ ಉಳಿದ ಜಪಾನೀ ವಂಶದ ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದರು. ಇದನ್ನು ಸ್ವಇಚ್ಛೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಮೇಲ್ಮನೆಯ ಅವಧಿ ನಾಲ್ಕು ವರ್ಷದ್ದಾದುದರಿಂದ ಆಬೆಯವರ ಸ್ಥಾನ ಮಾತ್ರ ಉಳಿದಿತ್ತು. 1943ರ ಫೆಬ್ರವರಿಯಲ್ಲಿ ಅವರು ಸೆರೆಯಿಂದಲೇ ರಾಜೀನಾಮೆ ಕೊಟ್ಟರು.

ಅದೇ ತಿಂಗಳು ಅಧಿವೇಶನ ಸೇರಿತು. ಮಾರ್ಚ್ 10ರಂದು, ಅಧಿವೇಶನದ ನಡುವೆಯೇ, ಹಲವು ಅಧಿಕಾರಗಳು ನಾಗರಿಕ ಸರಕಾರಕ್ಕೆ ಹಿಂದಿರುಗಿದವು. ಹೀಗೆ ಚೇತರಿಸಿಕೊಂಡ ಸಭೆ ಮಾಡಿದ ಶಾಸನಗಳಲ್ಲಿ ಒಂದು ಪರಭಾಷಾ ಶಾಲೆಗಳನ್ನು ಕುರಿತದ್ದು. ನಾಲ್ಕನೆಯ ತರಗತಿ ದಾಟದ ಮಕ್ಕಳಿಗೆ ಆ ಶಾಲೆಗಳಲ್ಲಿ ಭಾಷೆ ಕಲಿಸುವುದು ನಿಷಿದ್ಧವಾಯಿತು. ಅದನ್ನು ದಾಟಿದವರಿಗೂ ಇಂಗ್ಲಿಷಿನಲ್ಲಿ ತಕ್ಕ ಯೋಗ್ಯತೆಯಿರಬೇಕೆಂಬ ಕಟ್ಟಳೆ ಬಂದಿತು. ಇಂತಹ ಶಾಲೆಗಳನ್ನು ಬಿಗಿಹಿಡಿಯಲು ಹವಾಯಿ ಹಿಂದೆ ಮಾಡಿದ್ದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿಯೇ ತಳ್ಳಿಹಾಕಿತ್ತು. ಆಗ ಹೋರಾಡಿದವರು ಜಪಾನೀಯರು. ಈಗ ಅವರ ಶಾಲೆಗಳು ಮುಚ್ಚಿದ್ದವು, ಸಭೆಯಲ್ಲಿ ಅವರವರೊಬ್ಬರೂ ಇರಲಿಲ್ಲ. ನ್ಯಾಯಾಲಯಕ್ಕೆ ಹೋದವರು ಚೀನೀ ಶಾಲೆಗಳವರು. 1947ರಲ್ಲಿ ಜಿಲ್ಲಾ ನ್ಯಾಯಾಲಯ ಅವರ ಪಕ್ಷವನ್ನು ಎತ್ತಿಹಿಡಿಯಿತು. ಎರಡು ವರ್ಷಗಳ ಮೇಲೆ ಸರ್ವೋಚ್ಚ ನ್ಯಾಯಾಲಯ ವ್ಯವಹಾರಕ್ರಮದ ಕಾರಣದಿಂದ ಆ ತೀರ್ಪನ್ನು ರದ್ದುಮಾಡಿತು. ಪರಸ್ಥಳದಲ್ಲಿ ಮಕ್ಕಳಿಗೆ ಮನೆಮಾತಿನ ಅಕ್ಷರ ತಿದ್ದಿಸುವ ಕಷ್ಟವನ್ನು ಬಲ್ಲ ನಮ್ಮ ಓದುಗರಿಗೆ ಈ ಶಾಸನದ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೇನಾಡಳಿತ ಕೊನೆಗೊಂಡುದು 1944ರ ಅಕ್ಟೋಬರಿನಲ್ಲಿ. ಸೈನಿಕ ನ್ಯಾಯಸ್ಥಾನಗಳು ಶಿಕ್ಷಿಸಿದ್ದ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಹಡಗುಕಟ್ಟೆಯ ಕೆಲಸಗಾರ, ಇವರಿಬ್ಬರ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 1946ರ ಫೆಬ್ರವರಿಯಲ್ಲಿ ತೀರ್ಪಿತ್ತು, ನಾಗರಿಕ ನ್ಯಾಯಾಲಯಗಳನ್ನು ಬದಿಗೊತ್ತುವ ಅಧಿಕಾರವನ್ನು ಮೂಲಶಾಸನ ಕೊಟ್ಟಿರಲಿಲ್ಲವೆಂದಿತು. ಬರಿದಾದ ಸದಸ್ಯಸ್ಥಾನಗಳ ವಿಷಯ ಯಾವ ನ್ಯಾಯಾಲಯದ ಮುಂದೆಯೂ ಬರಲಿಲ್ಲ. ರಾಜೀನಾಮೆಯ ಮೇಲೆ ಅಪೀಲು ಎಲ್ಲಿಯದು? ಸಕಾಕಿಹಾರರು ಯುದ್ಧಾನಂತರ ಮತ್ತೆ ಆಯ್ಕೆಯಾಗಿ ಕೆಳಮನೆಗೆ ಬಂದರು. 1944ರಲ್ಲಿ ಬಿಡುಗಡೆ ಹೊಂದಿದ ಆಬೆಯವರು ಮೇಲ್ಮನೆಗೆ ಮರಳಲಿಲ್ಲ.