ಕಾಲು ಮೈಲಿಯ ಕಂಬಳ
(ಹಳೆಯ ಕಾರು ಓಟಕ್ಕೆ ಅಣಿಯಾಗುವಾಗಿನ ಪಾಡು)

ಮಂಗಳೂರಿನ ಬಲ್ಮಠದ ಏರಿನ ಮೇಲೆ ನಿಂತು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದವನಿಗೆ ಒಂದು ಸಂಗತಿ ತಟ್ಟನೆ ಮನವರಿಕೆಯಾಗುತ್ತದೆ. ಒಂದು ಕಡೆ ಹಂಪನಕಟ್ಟೆಯತ್ತ ಇಳಿಜಾರು. ಇನ್ನೊಂದು ಕಡೆ ಬಾವುಟಗುಡ್ಡೆಯ ಏರು. ಮತ್ತೊಂದು ಕಡೆ ಕಂಕನಾಡಿಗೆ ಹೋಗುವ ಬಳಸು ದಾರಿ. ನೂಲು ಹಿಡಿದಂತೆ ನೇರವೂ ಅಂಗೈಯಂತೆ ಸಮತಟ್ಟೂ ಆದ ಕಾಲು ಮೈಲಿಯ ಹಾದಿ ಈ ಪೇಟೆಯಲ್ಲಿ ಸಿಗುವುದು ದುರ್ಲಭ. ಹಾಗಿದ್ದರೂ ನೇರ ಓಟದ ಪಂದ್ಯವೆಂದರೇನೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಡುಕರೆಯ ಕಂಬಳವನ್ನು ಕಂಡವರಿಗೆಲ್ಲ ಅದು ಗೊತ್ತು. ಅಕ್ಕಪಕ್ಕದಲ್ಲಿ ಎರಡು ಕರೆಗಳು; ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿಯನ್ನು ಮುಟ್ಟಿದರೆ ತೀರಿತು. ತಿರುವಿಲ್ಲ, ಸುತ್ತಿಲ್ಲ, ಹಿಂದೆ ಬಿದ್ದವನಿಗೆ ಮತ್ತೆ ಮುಂದೆ ಬರಲು ವ್ಯವಧಾನವಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವೆಲ್ಲ ಬೆರಗಾಗಿ ನೋಡಿತಷ್ಟೆ.

ಕೋಣಗಳ ಬದಲು ಎರಡು ಮೋಟಾರುಗಳನ್ನೂ, ಕೆಸರಿನ ಕರೆಯ ಬದಲು ಡಾಮರಿನ ಹಾದಿಯನ್ನೂ ಕಲ್ಪಿಸಿಕೊಂಡರೆ ಅದೇ ‘ಡ್ರ್ಯಾಗ್ ರೇಸ್’. ದೂರ ಸಾಂಪ್ರದಾಯಿಕವಾಗಿ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು. ನಿಂತ ನೆಲೆಯಿಂದಲೇ ಹೊರಡಬೇಕು. ಮೊದಲು ಗುರಿ ಮುಟ್ಟಿದವನು ಗೆದ್ದಂತೆ. ಹಸಿರು ದೀಪ ಬೆಳಗುವ ಮೊದಲೇ ಹೊರಟವನು ಸೋತಂತೆ. ಕೇಳಲು ಇಷ್ಟು ಸರಳವಾದ ಆಟ ಇನ್ನೊಂದಿಲ್ಲ. ಆದರೆ ಈ ಕೆಲವು ಸೆಕೆಂಡುಗಳಿಗಾಗಿ ನಡೆಯುವ ಸಿದ್ಧತೆ ತಿಂಗಳುಗಟ್ಟಲೆಯದು. ಅದರ ವಿಘ್ನಗಳಿಗಂತೂ ಲೆಕ್ಕವಿಲ್ಲ.

ವಿಮಾನದ ಹಾದಿಯಲ್ಲಿ ಹುಟ್ಟಿದ ಆಟ

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿಯ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ, ಹಗುರ ಮಾಡಿ, ಓಡಿಸಿ ನೋಡುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಯುದ್ಧಕಾಲದ ವಿಮಾನದ ಓಡುದಾರಿಗಳು ಅಲ್ಲಲ್ಲಿ ಬರಿದಾಗಿ ಉಳಿದುವು. ನೇರ, ಸಮತಟ್ಟು, ಜನಸಂಚಾರವಿಲ್ಲದ ಸ್ಥಳ. ಈ ಆಟಕ್ಕೆ ಬೇಕಾದುದೂ ಅದೇ. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಹಣ ಕೊಟ್ಟು ನೋಡುವ ಪಂದ್ಯಗಳು ಆರಂಭವಾದುವು. ಬೀದಿಯಲ್ಲಿ ನಡೆಯುತ್ತಿದ್ದ ಸ್ಪರ್ಧೆಗಳಿಂದ ಸಾವುನೋವು ಹೆಚ್ಚಿದುದನ್ನು ಕಂಡ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕರು 1951ರಲ್ಲಿ ಒಂದು ರಾಷ್ಟ್ರೀಯ ಸಂಘವನ್ನೇ ಕಟ್ಟಿ, ಆಟವನ್ನು ಬೀದಿಯಿಂದ ಬಯಲಿಗೆ ತಂದು, ನಿಯಮಗಳನ್ನು ವಿಧಿಸಿದರು.

ನಮ್ಮ ದೇಶದ ಮೋಟಾರು ಸ್ಪರ್ಧೆಯ ಕಥೆಯೂ ಇದಕ್ಕೆ ಹೊರತಲ್ಲ. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಗರದ ಉತ್ತರಕ್ಕಿರುವ ಶೋಲಾವರಂನ ಯುದ್ಧಕಾಲದ ವಿಮಾನದ ಓಡುದಾರಿಯನ್ನೇ ತಮ್ಮ ರಂಗವನ್ನಾಗಿ ಮಾಡಿಕೊಂಡರು. ಅಲ್ಲಿಯದು ಸುತ್ತು ಓಟ. ಆದರೆ ಅಲ್ಲಿ ಓಡಿದ ಬಂಡಿಗಳಲ್ಲಿ ಸಾಮಾನ್ಯ ಗೃಹಸ್ಥನ ಮನೆಯ ಮುಂದೆ ನಿಲ್ಲುವ ಫಿಯೆಟ್ಟು, ಹೆರಾಲ್ಡುಗಳೂ ಇದ್ದುವು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ ಹೊಸ ಓಟದ ಹಾದಿ ಸಿದ್ಧವಾಯಿತು. ನೇರ ಓಟದ ಸ್ಪರ್ಧೆಗಳು ನಮ್ಮಲ್ಲಿ ಜನಪ್ರಿಯವಾದುದು ಇತ್ತೀಚೆಗೆ. ಅವುಗಳಿಗೂ ಹಲವೆಡೆ ವಿಮಾನದ ಓಡುದಾರಿಗಳೇ ಆಶ್ರಯ.

ಕರಾವಳಿಯ ಶತ್ರು

ಹೊಸ ಬಂಡಿಯನ್ನು ಕೊಂಡು ಓಡಿಸಬಲ್ಲವರ ಮಾತು ಬೇರೆ. ಆದರೆ ಈ ಆಟದ ಆತ್ಮವಿರುವುದು ಹಳೆಯ ಕಾರಿನಲ್ಲಿ. ಉದಾಹರಣೆಗೆ ‘ಪ್ರೀಮಿಯರ್ ಪದ್ಮಿನಿ’ಯನ್ನೇ ತೆಗೆದುಕೊಳ್ಳೋಣ. ಇಟಲಿಯ ಫಿಯೆಟ್ 1100ರ ಮಗಳಾದ ಈ ಬಂಡಿ ಮುಂಬಯಿಯಲ್ಲಿ ತಯಾರಾಗುತ್ತಿತ್ತು. 1970ರ ದಶಕದಿಂದ ಪದ್ಮಿನಿಯೆಂಬ ಹೆಸರನ್ನು ಹೊತ್ತಿತು. 1089 ಘನ ಸೆಂಟಿಮೀಟರಿನ ಇಂಜಿನು, ಸುಮಾರು ನಲ್ವತ್ತು ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಎಳೆತ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಸಂಸಾರವನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರಲು ಧಾರಾಳವಾಗಿ ಸಾಕು. ಅದನ್ನು ಓಟದ ಹಾದಿಗೆ ಇಳಿಸಹೊರಟವನು ಮೊದಲು ಎದುರಿಸಬೇಕಾದ ಶತ್ರುವು ಎದುರಾಳಿಯಲ್ಲ, ತುಕ್ಕು.

ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಮೇಲಿಂದ ಸಮುದ್ರದ ಉಪ್ಪುಗಾಳಿ. ಹೊರಗೆ ಬಣ್ಣ ಮಿರುಗುತ್ತಿರುವ ಬಂಡಿಯ ನೆಲಹಾಸನ್ನು ಎತ್ತಿ ನೋಡಿದರೆ ಕೆಳಗಿನ ಭೂಮಿ ಕಾಣುವುದುಂಟು. ಹಿಂದಿನ ಮಾಲಿಕರು ತೂತನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿಸಿರುತ್ತಾರೆ. ಕುರ್ಚಿಯನ್ನೂ ಸೊಂಟಪಟ್ಟಿಯನ್ನೂ ಬಿಗಿದಿರುವುದು ಇದೇ ತಗಡಿಗೆ! ಆದ್ದರಿಂದ ಬಲ್ಲ ಮೇಸ್ತ್ರಿಗಳು ಇಂಜಿನಿನ ಮುಚ್ಚಳವನ್ನು ಎತ್ತುವ ಮೊದಲು ಬಂಡಿಯ ಕೆಳಗೆ ನುಸುಳಿ, ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ತಗಡು ಗಣಗಣಿಸುತ್ತದೆ. ತುಕ್ಕು ಹಿಡಿದದ್ದು ಮಂಕಾಗಿ ನರಳುತ್ತದೆ.

ಕೆಳಗೆ ನುಸುಳುವುದರಲ್ಲಿಯೇ ಮೊದಲ ಅಪಾಯ ಅಡಗಿದೆ. ಬಂಡಿಯನ್ನು ಜ್ಯಾಕಿನಿಂದ ಎತ್ತಿ, ಅದರ ಮೇಲೆಯೇ ನೆಚ್ಚಿಕೊಂಡು ಕೆಳಗೆ ಮಲಗುವವರಿದ್ದಾರೆ. ಜ್ಯಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಅದು ಜಾರಿದರೆ ಒಂಬೈನೂರು ಕಿಲೋಗ್ರಾಮಿನ ಬಂಡಿ ಎದೆಯ ಮೇಲೆ. ಕಬ್ಬಿಣದ ಸ್ಟ್ಯಾಂಡು ಕೊಡದೆ ಯಾರೂ ಕೆಳಗೆ ಹೋಗಬಾರದು. ಎರಡನೆಯದು ಬೆಂಕಿ. ಭಾಗಗಳನ್ನು ತೆರೆದ ಬಟ್ಟಲಿನ ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸವೂ, ಟಾಂಕಿಯನ್ನು ಕಳಚದೆ ಪಕ್ಕದಲ್ಲಿಯೇ ವೆಲ್ಡಿಂಗ್ ಮಾಡುವ ಅವಸರವೂ ಎಷ್ಟೋ ಗ್ಯಾರೇಜುಗಳಲ್ಲಿ ಕಾಣಸಿಗುತ್ತವೆ. ಖಾಲಿ ಟಾಂಕಿ ತುಂಬಿದ ಟಾಂಕಿಗಿಂತ ಹೆಚ್ಚು ಭಯಂಕರ. ಅದರೊಳಗೆ ಪೆಟ್ರೋಲಿನ ಆವಿ ತುಂಬಿರುತ್ತದೆ.

ಒಂದನ್ನು ಬಲಪಡಿಸಿದರೆ ಇನ್ನೊಂದು ಮುರಿಯುವುದು

ಇನ್ನು ಇಂಜಿನು. ವೇಗ ಹೆಚ್ಚಬೇಕೆಂದು ಇಂಜಿನಿನ ತಲೆಯನ್ನು ಲೇತಿನ ಅಂಗಡಿಗೆ ಕೊಂಡೊಯ್ದು ಕೆರೆಸಿ, ಒಳಗಿನ ಒತ್ತಡವನ್ನು ಏರಿಸುವುದು ಹಳೆಯ ಉಪಾಯ. ಒಂದು ಕೂದಲೆಳೆಯಷ್ಟು ಹೆಚ್ಚು ಕೆರೆದರೆ ವಾಲ್ವು ಪಿಸ್ಟನಿಗೆ ಬಡಿದು ಬಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಶಾಖವೇರಿ ಪಿಸ್ಟನಿನ ನೆತ್ತಿಯೇ ತೂತಾಗುತ್ತದೆ. ಟಾಂಕಿಯ ತಳದಲ್ಲಿ ವರ್ಷಗಳಿಂದ ಕೂತ ತುಕ್ಕಿನ ಕಸ ಸಣ್ಣ ಜೆಟ್ಟಿನ ಕಂಡಿಯನ್ನು ಮುಚ್ಚಲು ಒಂದು ಕಣ ಸಾಕು. ಈಗ ಇದರ ಜೊತೆಗೆ ಇನ್ನೊಂದು ತೊಡಕು ಸೇರಿದೆ. ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಳಕೆಗೆ ಬಂದಿದೆ. ಆ ಕಾಲದ ರಬ್ಬರು ಕೊಳವೆಗಳೂ ಗ್ಯಾಸ್ಕೆಟ್ಟುಗಳೂ ಎಥನಾಲಿಗಾಗಿ ಮಾಡಿದವುಗಳಲ್ಲ. ಅವು ಮೆತ್ತಗಾಗಿ, ಬಿರಿದು, ಬಿಸಿ ಇಂಜಿನಿನ ಮೇಲೆ ಪೆಟ್ರೋಲನ್ನು ಜಿನುಗಿಸಬಹುದು. ಹತ್ತಾರು ವರ್ಷದ ಕೊಳವೆಯನ್ನು ಬದಲಿಸದೆ ಓಟಕ್ಕೆ ಹೊರಡುವುದು ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ.

ಇಂಜಿನು ಬಲವಾಯಿತೆನ್ನೋಣ. ಆಗ ಕ್ಲಚ್ಚು ಜಾರತೊಡಗುತ್ತದೆ. ಕ್ಲಚ್ಚನ್ನು ಬಿಗಿಗೊಳಿಸಿದರೆ ಗೇರಿನ ಹಲ್ಲು ಉದುರುತ್ತದೆ. ಗೇರನ್ನು ಬದಲಿಸಿದರೆ ಹಿಂದಿನ ಆಕ್ಸಲು ತುಂಡಾಗುತ್ತದೆ. ನಿಂತ ನೆಲೆಯಿಂದ ಒಮ್ಮೆಲೆ ಚಿಮ್ಮಿದಾಗ ಬಂಡಿಯ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ತಿರುಚಿಕೊಂಡು ಚಕ್ರಗಳು ಕುಪ್ಪಳಿಸುತ್ತವೆ. ವಿ. ಎಸ್. ಕುಡ್ವರು ಸ್ಥಾಪಿಸಿದ ಕೆನರಾ ವರ್ಕ್‌ಶಾಪ್ಸ್ ಇಂತಹ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾದ ಮಂಗಳೂರಿನಲ್ಲಿ ಸ್ಪ್ರಿಂಗಿನ ಮಹತ್ವವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬಲವೆಂಬುದು ಸರಪಣಿಯಲ್ಲಿ ಹರಿಯುವ ವಸ್ತು. ಅದು ಯಾವಾಗಲೂ ಅತ್ಯಂತ ದುರ್ಬಲವಾದ ಕೊಂಡಿಯನ್ನು ಹುಡುಕಿಕೊಂಡು ಹೋಗುತ್ತದೆ. ತಯಾರಿಸಿದವರು ಎಲ್ಲ ಕೊಂಡಿಗಳನ್ನೂ ನಲ್ವತ್ತು ಕುದುರೆಗಳಿಗೆಂದೇ ತೂಗಿ ಇಟ್ಟಿರುವಾಗ, ಎಂಬತ್ತು ಕುದುರೆಗಳನ್ನು ಕಟ್ಟಿದವನು ಆ ತೂಕವನ್ನು ಕೆಡಿಸಿದಂತಾಯಿತು.

ಅತಿ ಭೀಕರವಾದ ಅವಘಡಗಳು ಎರಡು. ಹಳೆಯ ಬೀಡುಕಬ್ಬಿಣದ ಫ್ಲೈವೀಲನ್ನು ಹಗುರ ಮಾಡಲು ಕೆರೆದು, ಅದನ್ನು ಅದರ ಮಿತಿ ಮೀರಿ ತಿರುಗಿಸಿದರೆ ಅದು ಬಾಂಬಿನಂತೆ ಸಿಡಿಯಬಹುದು. ಚೂರುಗಳು ತಗಡನ್ನು ಸೀಳಿಕೊಂಡು ಬರುವುದು ಚಾಲಕನ ಪಾದಗಳ ಕಡೆಗೆ. ಎರಡನೆಯದಾಗಿ, ಇಂಜಿನಿನಿಂದ ಹಿಂಚಕ್ರಗಳಿಗೆ ಬಲವನ್ನೊಯ್ಯುವ ಉದ್ದನೆಯ ಶಾಫ್ಟಿನ ಮುಂದಿನ ಕೀಲು ಮುರಿದರೆ, ಅದರ ತುದಿ ನೆಲಕ್ಕೆ ನಾಟಿ ಬಂಡಿಯನ್ನೇ ಮೇಲಕ್ಕೆತ್ತಿ ಒಗೆಯಬಲ್ಲುದು. ಇದಕ್ಕಾಗಿಯೇ ಶಾಫ್ಟಿನ ಕೆಳಗೆ ಒಂದು ಉಕ್ಕಿನ ಬಳೆಯನ್ನೂ, ಫ್ಲೈವೀಲಿನ ಸುತ್ತ ದಪ್ಪ ಉಕ್ಕಿನ ಕವಚವನ್ನೂ ತೊಡಿಸುತ್ತಾರೆ.

ಓಡುವುದು ಸುಲಭ, ನಿಲ್ಲುವುದು ಕಷ್ಟ

ವೇಗದ ಮೋಹದಲ್ಲಿ ಜನ ಮರೆಯುವುದು ಬ್ರೇಕನ್ನು. ವೇಗ ಎರಡರಷ್ಟಾದರೆ ಅದನ್ನು ತಡೆಯಲು ಬೇಕಾದ ಶಕ್ತಿ ನಾಲ್ಕರಷ್ಟು. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ? ಹಳೆಯ ದ್ರವ ಬಿಸಿಯಾದಾಗ ಒಳಗಿನ ನೀರು ಕುದಿದು ಆವಿಯಾಗುತ್ತದೆ. ಪೆಡಲು ಬೆಣ್ಣೆಯ ಮೇಲೆ ಕಾಲಿಟ್ಟಂತೆ ಕೆಳಗಿಳಿಯುತ್ತದೆ. ಟೈರುಗಳದೂ ಇದೇ ಕಥೆ. ಓಡದೆ ನಿಂತ ಬಂಡಿಯ ಟೈರು ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ, ಆದರೆ ರಬ್ಬರು ಮರವಾಗಿರುತ್ತದೆ. ಅದರ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕೆಗಳನ್ನು ಓದಬೇಕು; ‘2315’ ಎಂದಿದ್ದರೆ 2015ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಇನ್ನು ಆಕ್ಸಿಲರೇಟರನ್ನು ಹಿಂದಕ್ಕೆಳೆಯುವ ಒಂದು ಪುಟ್ಟ ಸ್ಪ್ರಿಂಗು. ಬೆಲೆ ಅತ್ಯಲ್ಪ. ಅದು ಕಳಚಿದರೆ ಕಾಲು ತೆಗೆದ ಮೇಲೂ ಬಂಡಿ ಓಡುತ್ತಲೇ ಇರುತ್ತದೆ.

ಇವೆಲ್ಲ ಹೆದರಿಸಲು ಹೇಳಿದ ಮಾತುಗಳೆಂದು ತಿಳಿಯಬಾರದು. ಈ ಆಟದ ಮಹಾರಥಿಗಳ ಬದುಕಿನಲ್ಲಿಯೇ ಸಾಕ್ಷ್ಯವಿದೆ. ಅಮೆರಿಕದ ಡಾನ್ ಗಾರ್ಲಿಟ್ಸ್ ಎಂಬವರು ತಮ್ಮ ಬಂಡಿಗಳನ್ನು ತಾವೇ ಕಟ್ಟಿ ಓಡಿಸುತ್ತಿದ್ದರು. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಓಟದ ಹಾದಿಯಲ್ಲಿ ಅವರು ಹೊರಟ ಕೂಡಲೇ ಗೇರುಪೆಟ್ಟಿಗೆ ಸಿಡಿಯಿತು. ಬಂಡಿ ಎರಡು ತುಂಡಾಯಿತು. ಗಾರ್ಲಿಟ್ಸರ ಬಲಪಾದದ ಒಂದು ಭಾಗ ಹೋಯಿತು. ಆಗಿನ ಬಂಡಿಗಳಲ್ಲಿ ಚಾಲಕನು ಇಂಜಿನಿನ ಹಿಂದೆ, ಗೇರುಪೆಟ್ಟಿಗೆಯ ಆಚೀಚೆ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದನು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಗಾರ್ಲಿಟ್ಸರು ಇಂಜಿನನ್ನೇ ಚಾಲಕನ ಬೆನ್ನ ಹಿಂದಕ್ಕೆ ಸಾಗಿಸುವ ಯೋಚನೆ ಮಾಡಿದರು. 1971ರಲ್ಲಿ ಅಂತಹ ಬಂಡಿಯಲ್ಲಿಯೇ ಬಂದು ಗೆದ್ದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು. ಎಷ್ಟೋ ಚಾಲಕರ ಕಾಲುಗಳೂ ಪ್ರಾಣಗಳೂ ಉಳಿದುದು ಆ ಒಂದು ಪಾದದ ಬೆಲೆಯಿಂದ.

ಈ ವರ್ಗದಲ್ಲಿ ಹೆಸರು ಮಾಡಿದ ಮೊದಲ ಮಹಿಳೆ ಶರ್ಲಿ ಮುಲ್ಡೌನಿ. 1977ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 1984ರಲ್ಲಿ ಕೆನಡಾದ ಮಾಂಟ್ರಿಯಲ್ ಸಮೀಪದ ಪಂದ್ಯದಲ್ಲಿ ಅವರ ಬಂಡಿಯ ಮುಂದಿನ ಟೈರಿನ ಒಳಟ್ಯೂಬು ಹೊರಬಂದು ಚಕ್ರಕ್ಕೆ ಸುತ್ತಿಕೊಂಡಿತು. ಬಂಡಿ ನುಚ್ಚುನೂರಾಗಿ ಅವರ ಕಾಲುಗಳ ಎಲುಬುಗಳು ಪುಡಿಯಾದುವು. ಸಾವಿರಾರು ಅಶ್ವಶಕ್ತಿಯ ಇಂಜಿನು ಕೈಕೊಡಲಿಲ್ಲ. ಕೈಕೊಟ್ಟುದು ಒಂದು ರಬ್ಬರಿನ ಟ್ಯೂಬು! 1986ರಲ್ಲಿ ಅವರು ಮತ್ತೆ ಓಟಕ್ಕೆ ಮರಳಿದುದು ಬೇರೆಯೇ ಒಂದು ವೀರಗಾಥೆ. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬವರು ಮಡಿದ ಮೇಲಂತೂ ಅತಿ ವೇಗದ ವರ್ಗಗಳ ಓಟದ ದೂರವನ್ನೇ ಕಾಲು ಮೈಲಿಯಿಂದ ಸಾವಿರ ಅಡಿಗೆ ಇಳಿಸಲಾಯಿತು. ನಿಲ್ಲಲು ಹೆಚ್ಚು ಜಾಗ ಬೇಕೆಂಬುದೇ ಅದರ ತಾತ್ಪರ್ಯ.

‘ಬೇಡ’ ಎನ್ನುವವನ ಬೆಲೆ

ಬಲ್ಮಠಕ್ಕೂ ಕುಶಲ ಕೈಗಳಿಗೂ ನಂಟು ಹಳೆಯದು. ಬಾಸೆಲ್ ಮಿಶನಿನವರು ಇಲ್ಲಿ ನೆಲೆಯೂರಿ ಅಚ್ಚುಕೂಟ, ಮಗ್ಗಗಳನ್ನು ನಡೆಸಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೇಸ್ತ್ರಿಗಳ ಮೈಮೇಲಿನ ಖಾಕಿಯ ಬಣ್ಣವನ್ನು ಸಿದ್ಧಪಡಿಸಿದವರು ಇಲ್ಲಿಯ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬವರೆಂದು ಊರಿನಲ್ಲಿ ಅಭಿಮಾನದಿಂದ ಹೇಳುವುದುಂಟು. ಕೈಚಳಕಕ್ಕೆ ಕೊರತೆಯಿಲ್ಲದ ಊರಿದು. ಆದರೆ ಕೈಚಳಕವೊಂದೇ ಸಾಲದು. ತಾಳ್ಮೆಯೂ ಕಟ್ಟಳೆಯೂ ಬೇಕು.

ಕಟ್ಟಳೆಯೆಂದರೆ ಮೊದಲು ದೇಶದ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ವೇಗದ ಪಂದ್ಯ ಹೂಡುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಅದೇ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳು ವ್ಯತ್ಯಾಸವಾಗುವಂತೆ ರಸ್ತೆಯ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದುದರಿಂದ ಓಟಕ್ಕೆಂದು ತಿದ್ದಿದ ಬಂಡಿಯನ್ನು ಲಾರಿಯ ಮೇಲೇರಿಸಿ ಕೊಂಡೊಯ್ಯುವುದೇ ಸರಿಯಾದ ಮಾರ್ಗ.

ಎರಡನೆಯ ಕಟ್ಟಳೆ ಪಂದ್ಯದ ಅಂಗಳದ್ದು. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಆಶ್ರಯದಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಓಟಕ್ಕೆ ಮೊದಲು ಪರೀಕ್ಷಕರು ಬಂಡಿಯನ್ನು ತಪಾಸಣೆ ಮಾಡುತ್ತಾರೆ. ಬ್ಯಾಟರಿ ಅಲುಗುತ್ತಿದೆಯೇ, ಎಣ್ಣೆ ತೊಟ್ಟಿಕ್ಕುತ್ತಿದೆಯೇ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ, ಶಿರಸ್ತ್ರಾಣ ಮಾನ್ಯವಾದುದೇ—ಒಂದೊಂದನ್ನೂ ಕೇಳುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಕೂಡಿಟ್ಟ ಹಣವನ್ನು ಸುರಿದು ಬಂದವನಿಗೆ ಇಲ್ಲಿ ‘ಬೇಡ’ ಎಂದರೆ ಸಿಟ್ಟು ಬರುವುದು ಸಹಜ. ಆದರೆ ಅಂದಿನ ಅಂಗಳದಲ್ಲಿ ಅವನ ನಿಜವಾದ ಹಿತೈಷಿ ಆ ‘ಬೇಡ’ ಎಂದವನೇ.

ಕಂಬಳದ ಕೋಣಕ್ಕೆ ಕಾಲು ನೋವಾದರೆ ಬಲ್ಲ ಯಜಮಾನನು ಅದನ್ನು ಗಂತಿಗೆ ಇಳಿಸುವುದಿಲ್ಲ. ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮುಂದಿನ ಕಂಬಳಕ್ಕೆ ಕಾಯುತ್ತಾನೆ. ಕೋಣವಾದರೋ ಕುಂಟಿ ತನ್ನ ನೋವನ್ನು ತೋರಿಸಬಲ್ಲುದು. ಹಳೆಯ ಕಾರು ಹಾಗೆ ತೋರಿಸುವುದಿಲ್ಲ. ಅದರ ಪರವಾಗಿ ಮೇಸ್ತ್ರಿಯ ಕಿವಿಯೂ ಕೈಯೂ ಕೇಳಬೇಕು, ಮುಟ್ಟಬೇಕು. ಪಂದ್ಯದ ಹಿಂದಿನ ರಾತ್ರಿ ಸಂದೇಹವೊಂದು ಉಳಿದಿದ್ದರೆ ಬಂಡಿಯನ್ನು ಮನೆಯಲ್ಲಿ ಬಿಟ್ಟು, ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಓಟ ನೋಡಿ ಬಂದವನು ಸೋತವನಲ್ಲ. ಮಳೆಗಾಲ ಕಳೆದ ಮೇಲೆ ಇನ್ನೊಂದು ಓಟ ಬಂದೇ ಬರುತ್ತದೆ. ಅದಕ್ಕೆ ಬಂಡಿಯೂ ಇರುತ್ತದೆ, ಓಡಿಸುವವನೂ ಇರುತ್ತಾನೆ.