ಕಾಲುವೆಯ ಅಡಿಯ ಹಾದಿ: ಚೆಸಪೀಕ್–ಒಹಾಯೊ ಕಾಲುವೆಯ ಕಮಾನು ಮೋರಿಗಳೂ ಅವುಗಳ ಜೀರ್ಣೋದ್ಧಾರವೂ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ಕಡತ, ನಾಣ್ಯ, ಓಲೆಗರಿಗಳು ನಮ್ಮ ನೆನಪಿಗೆ ಬರುತ್ತವೆ. ಜನರು ದಿನವೂ ಬಂಡಿ ಹೊಡೆದುಕೊಂಡು ಹೋದ ಒಂದು ಕಲ್ಲಿನ ಮೋರಿಯೂ ಆಧಾರವೇ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಶಾಸನವನ್ನು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇರಿಸಬಹುದು. ಮೋರಿಯನ್ನು ಹಾಗೆ ಇರಿಸುವಂತಿಲ್ಲ. ಅದು ಬಳಕೆಯಲ್ಲಿದ್ದರೇ ಉಳಿದೀತು, ಬಳಸಿದಷ್ಟೂ ಸವೆಯುತ್ತದೆ, ಸವೆದುದನ್ನು ಸರಿಪಡಿಸಲು ಹೋದರೆ ಅದರಲ್ಲಿ ಬರೆದಿರುವ ಇತಿಹಾಸವೇ ಅಳಿಸಿಹೋಗುವ ಸಂಭವವುಂಟು. ಈ ತೊಡಕನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚೆಸಪೀಕ್–ಒಹಾಯೊ ಕಾಲುವೆಯ ನಿದರ್ಶನದ ಮೂಲಕ ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

ಮೊದಲು ಕಾಲುವೆಯ ವೃತ್ತಾಂತವನ್ನು ಸಂಗ್ರಹವಾಗಿ ಹೇಳುವುದು ಅವಶ್ಯ. ಪೊಟೋಮ್ಯಾಕ್ ನದಿಯ ಪಕ್ಕದಲ್ಲಿಯೇ ಕಾಲುವೆಯನ್ನು ತೋಡಿ, ವಾಷಿಂಗ್ಟನ್ ನಗರದಿಂದ ಪಶ್ಚಿಮದ ಒಹಾಯೊ ನದಿಯವರೆಗೆ ದೋಣಿಗಳಲ್ಲಿ ಸರಕು ಸಾಗಿಸಬೇಕೆಂಬುದು ಮೂಲ ಉದ್ದೇಶ. ೧೮೨೮ರ ಜುಲೈ ೪ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸನು ಕಾರ್ಯಾರಂಭ ಮಾಡಿದನು. ಅದೇ ದಿನ ಬಾಲ್ಟಿಮೋರ್–ಒಹಾಯೊ ರೈಲುಮಾರ್ಗದ ಕೆಲಸವೂ ಮೊದಲಾಯಿತೆಂಬುದು ಗಮನಾರ್ಹ. ರೈಲು ೧೮೪೨ರಲ್ಲಿಯೇ ಕಂಬರ್ಲೆಂಡ್ ಪಟ್ಟಣವನ್ನು ಮುಟ್ಟಿತು. ಕಾಲುವೆ ಅಲ್ಲಿಗೆ ತಲುಪುವ ಹೊತ್ತಿಗೆ ೧೮೫೦ ಆಗಿತ್ತು. ಮುಂದಕ್ಕೆ ಅದು ಸಾಗಲೇ ಇಲ್ಲ. ಆದರೂ ೧೮೪½ ಮೈಲಿ ಉದ್ದದ ಈ ಕಾಲುವೆಯಲ್ಲಿ ಹೇಸರಗತ್ತೆಗಳು ಎಳೆದ ದೋಣಿಗಳು ಕಲ್ಲಿದ್ದಲನ್ನು ಹೊತ್ತು ದಶಕಗಳವರೆಗೆ ಸಂಚರಿಸಿದುವು. ೧೮೮೯ರ ಪ್ರವಾಹದಲ್ಲಿ ಕಾಲುವೆ ಬಹಳವಾಗಿ ಹಾಳಾಗಿ ರೈಲು ಕಂಪೆನಿಯ ಹತೋಟಿಗೆ ಹೋಯಿತು. ೧೯೨೪ರ ಪ್ರವಾಹದೊಡನೆ ದೋಣಿಸಂಚಾರವೇ ನಿಂತಿತು. ೧೯೩೮ರಲ್ಲಿ ಕೇಂದ್ರ ಸರಕಾರವು ಅದನ್ನು ಕೊಂಡುಕೊಂಡಿತು. ಕಾಲುವೆಯ ಹಾದಿಯಲ್ಲಿ ಮೋಟಾರು ರಸ್ತೆಯನ್ನು ಮಾಡುವ ಆಲೋಚನೆ ಬಂದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ವಿಲಿಯಂ ಡಗ್ಲಸ್ ಅವರು ೧೯೫೪ರಲ್ಲಿ ಆ ದಾರಿಯುದ್ದಕ್ಕೂ ನಡೆದು ಲೋಕದ ಗಮನವನ್ನು ಸೆಳೆದರು. ೧೯೭೧ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆನಿಸಿತು.

ಈ ಕಾಲುವೆಯ ಕಟ್ಟಡಗಳಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ಬೆಟ್ಟವನ್ನು ಕೊರೆದು ದೋಣಿಗಳಿಗಾಗಿ ಮಾಡಿದ ಸುರಂಗ. ಪಾ ಪಾ ಎಂಬಲ್ಲಿರುವ ೩,೧೧೮ ಅಡಿ ಉದ್ದದ ಸುರಂಗವು ಈ ಬಗೆಯದು. ೧೮೩೬ರಲ್ಲಿ ಆರಂಭವಾದ ಅದು ಹಣದ ಮುಗ್ಗಟ್ಟಿನಿಂದಲೂ ಕಾರ್ಮಿಕರ ಕಲಹಗಳಿಂದಲೂ ೧೮೫೦ರವರೆಗೆ ಮುಗಿಯಲಿಲ್ಲ. ಎರಡನೆಯದು ಉಪನದಿಗಳ ಮೇಲೆ ಕಾಲುವೆಯನ್ನೇ ಹೊತ್ತು ದಾಟಿಸುವ ಮೇಲ್ಗಾಲುವೆ; ಇಂಥವು ೧೧. ಮೂರನೆಯದು ಕಾಲುವೆಯ ಏರಿಯ ಅಡಿಯಲ್ಲಿ ಹಾದುಹೋಗುವ ಕಮಾನು ಮೋರಿ. ಇವು ೧೫೦ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ಹಳ್ಳದ ನೀರಿಗಾಗಿ ಕಟ್ಟಿದವು. ಕೆಲವು ಮಾತ್ರ ಮನುಷ್ಯರೂ ಬಂಡಿಗಳೂ ಹಾದುಹೋಗಲೆಂದು ಕಟ್ಟಿದವು. ನಮ್ಮ ಪ್ರಸ್ತುತ ವಿಷಯ ಇವೇ.

ಬಂಡಿಗಳಿಗೆ ಇಂಥ ಹಾದಿ ಏಕೆ ಬೇಕಾಯಿತು? ಕಾಲುವೆ ಹೊಲಗಳನ್ನೂ ನದೀತೀರವನ್ನೂ ಸೀಳಿಕೊಂಡು ಹೋಯಿತು. ರೈತನ ಮನೆ ಒಂದು ಕಡೆ, ಹೊಲವೂ ದೋಣಿಗಟ್ಟೆಯೂ ಇನ್ನೊಂದು ಕಡೆ ಆದುವು. ಸೇತುವೆಯನ್ನು ಕಟ್ಟಿದರೆ ಸರಕು ತುಂಬಿದ ದೋಣಿ ಅದರ ಅಡಿಯಲ್ಲಿ ಹೋಗುವಷ್ಟು ಎತ್ತರಿಸಬೇಕು. ಎರಡು ಕಡೆಯೂ ಉದ್ದವಾದ ಏರುದಾರಿ ಹಾಕಬೇಕು. ನೆಲ ತಗ್ಗಾಗಿ ಕಾಲುವೆಯ ಏರಿ ಎತ್ತರವಾಗಿದ್ದೆಡೆ ಹಾದಿಯನ್ನೇ ಕೆಳಗೆ ತಂದು ಕಮಾನಿನೊಳಗಿಂದ ದಾಟಿಸುವುದು ಸುಲಭವಾಗಿತ್ತು. ಫೋರ್ ಲಾಕ್ಸ್ ಎಂಬಲ್ಲಿ ಇಂಥದೊಂದು ಮೋರಿಯಿದೆ. ನದಿ ಅಲ್ಲಿ ದೊಡ್ಡದಾಗಿ ಬಳಸಿಕೊಂಡು ಹೋಗುತ್ತದೆ. ಕಾಲುವೆಯಾದರೋ ಪ್ರೇದರ್ಸ್ ನೆಕ್ ಎಂಬ ಭೂಶಿರದ ಕುತ್ತಿಗೆಯನ್ನು ಅಡ್ಡಲಾಗಿ ಕಡಿದು, ನಾಲ್ಕು ಲಾಕುಗಳಲ್ಲಿ ಮೇಲೇರಿ ದಾರಿಯನ್ನು ಉಳಿಸಿಕೊಂಡಿದೆ. ಆ ಭೂಶಿರಕ್ಕೆ ಹೋಗುವ ಹಾದಿ ಕಾಲುವೆಯ ಅಡಿಯಲ್ಲಿ ಹಾಯಬೇಕಾಯಿತು. ಆದುದರಿಂದ ಈ ಮೋರಿಯನ್ನು ಕೇವಲ ಕಲ್ಲುಕೆಲಸವೆಂದು ನೋಡಲಾಗದು. ಅದು ಕಂಪೆನಿಗೂ ಊರವರಿಗೂ ಆದ ಒಂದು ಒಡಂಬಡಿಕೆಯ ದಾಖಲೆ.

ಈ ಮೋರಿಗಳ ರಚನೆ ಹೀಗಿದೆ. ಮರದ ಆಸರೆಯ ಚೌಕಟ್ಟಿನ ಮೇಲೆ ಕಮಾನಿನ ಕಲ್ಲುಗಳನ್ನು ಎರಡು ಬದಿಯಿಂದಲೂ ಜೋಡಿಸಿ ನೆತ್ತಿಯಲ್ಲಿ ಸೇರಿಸುತ್ತಿದ್ದರು. ಗಾರೆ ಗಟ್ಟಿಯಾದ ಮೇಲೆ ಚೌಕಟ್ಟನ್ನು ತೆಗೆಯುತ್ತಿದ್ದರು. ಮೇಲೆ ಮಣ್ಣಿನ ಏರಿ, ಅದರ ಮೇಲೆ ತುಳಿದು ಹದಗೊಳಿಸಿದ ಜೇಡಿಮಣ್ಣಿನ ಹಾಸು, ಅದರ ಮೇಲೆ ಸುಮಾರು ಆರು ಅಡಿ ನೀರು. ನೀರಿನ ಸಂಪರ್ಕದಲ್ಲಿ ಬರಿಯ ಸುಣ್ಣದ ಗಾರೆ ನಿಲ್ಲದು. ಆದಕಾರಣ ನೀರಿನಲ್ಲಿಯೂ ಗಟ್ಟಿಯಾಗುವ ನೈಸರ್ಗಿಕ ಸಿಮೆಂಟು ಬೇಕಾಯಿತು. ಅದಕ್ಕೆ ತಕ್ಕ ಸುಣ್ಣಕಲ್ಲು ಪೊಟೋಮ್ಯಾಕ್ ತೀರದಲ್ಲಿಯೇ ದೊರೆಯಿತು; ಶೆಪರ್ಡ್ಸ್‌ಟೌನಿನ ಬಳಿಯೂ ಮುಂದೆ ಹ್ಯಾನ್ಕಾಕ್ ಬಳಿಯ ರೌಂಡ್ ಟಾಪ್ ಬೆಟ್ಟದಲ್ಲಿಯೂ ಅದನ್ನು ಸುಟ್ಟು ಅರೆದು ಸಿಮೆಂಟು ಮಾಡುತ್ತಿದ್ದರು. ಕಲ್ಲು ಹೊತ್ತವರಲ್ಲಿ ಐರ್ಲೆಂಡಿನಿಂದ ಬಂದ ಕೂಲಿಗಾರರೇ ಬಹಳ. ೧೮೩೨ರ ಕಾಲರಾದಲ್ಲಿ ಅವರಲ್ಲಿ ಅನೇಕರು ಸತ್ತರು. ಅವರ ಸಮಾಧಿಗಳಲ್ಲಿ ಹೆಚ್ಚಿನವುಗಳ ಗುರುತು ಉಳಿದಿಲ್ಲ. ಅವರ ಉಳಿಯ ಗುರುತು ಕಲ್ಲುಗಳಲ್ಲಿ ಉಳಿದಿದೆ.

ಇನ್ನು ಶಿಥಿಲತೆಯ ಕಾರಣಗಳು. ಕಮಾನಿನ ಮೊದಲ ಶತ್ರು ಭಾರವಲ್ಲ, ನೀರು. ಜೇಡಿಯ ಹಾಸು ಒಣಗಿ ಬಿರಿದೆಡೆ, ಅಥವಾ ಮರದ ಬೇರು ಹೊಕ್ಕೆಡೆ, ಮಳೆಯ ನೀರು ಕಮಾನಿನ ಬೆನ್ನಿಗೆ ಇಳಿಯುತ್ತದೆ. ಅದು ಗಾರೆಯಲ್ಲಿನ ಸುಣ್ಣವನ್ನು ಕರಗಿಸಿ ಹೊರಕ್ಕೆ ಒಯ್ಯುತ್ತದೆ; ಕಮಾನಿನ ಒಳಮೈಯಲ್ಲಿ ಕಾಣುವ ಬಿಳಿಯ ಪಟ್ಟೆಗಳು ಇದರ ಸಾಕ್ಷಿ. ಮೇರಿಲೆಂಡಿನ ಚಳಿಗಾಲದಲ್ಲಿ ಆ ನೀರು ಸಂದುಗಳಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮತ್ತೆ ಕರಗುತ್ತದೆ. ಹೀಗೆ ವರ್ಷವರ್ಷವೂ ನಡೆದು ಕಲ್ಲು ಸಡಿಲುತ್ತದೆ. ಕಾಲುವೆಯಲ್ಲಿ ದೋಣಿ ಓಡುತ್ತಿದ್ದಾಗ ಕಾವಲಿನವರು ಏರಿಯನ್ನು ದಿನವೂ ನೋಡುತ್ತಿದ್ದರು. ಸಣ್ಣ ಸೋರಿಕೆಯನ್ನು ಕೂಡಲೇ ಮುಚ್ಚುತ್ತಿದ್ದರು. ಸಂಚಾರ ನಿಂತ ಮೇಲೆ ಆ ಕಣ್ಣು ತಪ್ಪಿತು. ಇದರ ಜೊತೆಗೆ ಕುದುರೆಬಂಡಿಗಾಗಿ ಅಳತೆಮಾಡಿದ ಕಮಾನಿನಲ್ಲಿ ಮೋಟಾರುಗಳು ನುಗ್ಗಿ ಅಂಚಿನ ಕಲ್ಲುಗಳನ್ನು ಉಜ್ಜುತ್ತವೆ.

ದುರಸ್ತಿಯ ಕ್ರಮವು ಈ ಕಾರಣಗಳನ್ನು ಅನುಸರಿಸಿಯೇ ಸಾಗಬೇಕು. ಮೊದಲು ಪ್ರತಿಯೊಂದು ಕಲ್ಲನ್ನೂ ಅಳೆದು, ಚಿತ್ರಿಸಿ, ಬೇಕಾದಲ್ಲಿ ಸಂಖ್ಯೆ ಹಾಕಬೇಕು. ಬಳಿಕ ಮೇಲಿನ ನೀರಿಗೆ ಬೇರೆ ದಾರಿ ಮಾಡಿ, ಮರಗಳನ್ನು ತೆಗೆಯಬೇಕು. ಅನಂತರ ಸಡಿಲವಾದ ಗಾರೆಯನ್ನು ಕೈಯಿಂದ ಕೆತ್ತಿ, ಮೂಲಕ್ಕೆ ಹೊಂದುವ ಗಾರೆಯಿಂದ ಸಂದು ತುಂಬಬೇಕು; ಒಳಗಿನ ಟೊಳ್ಳುಗಳಿಗೆ ತೆಳುಗಾರೆಯನ್ನು ಹೊಯ್ಯಬೇಕು. ಇಲ್ಲಿ ಒಂದು ತಪ್ಪು ಅನೇಕ ದೇಶಗಳಲ್ಲಿ ನಡೆದಿದೆ. ಗಟ್ಟಿಯಾದುದೇ ಒಳ್ಳೆಯದೆಂದು ಬಗೆದು ಪೋರ್ಟ್‌ಲೆಂಡ್ ಸಿಮೆಂಟಿನಿಂದ ಹಳೆಯ ಸಂದುಗಳನ್ನು ಮುಚ್ಚಿಬಿಟ್ಟರೆ, ತೇವವು ಸಂದಿನಿಂದ ಹೊರಬರಲಾರದೆ ಕಲ್ಲಿನ ಮೂಲಕವೇ ಬರುತ್ತದೆ. ಕಲ್ಲಿನ ಮುಖ ಸಿಡಿದು ಉದುರುತ್ತದೆ. ಗಾರೆ ಕಲ್ಲಿಗಿಂತ ಮೆದುವಾಗಿರಬೇಕು. ಸವೆಯುವುದೇ ಅದರ ಕೆಲಸ. ಸವೆದ ಗಾರೆಯನ್ನು ಮತ್ತೆ ತುಂಬಬಹುದು, ಸಿಡಿದ ಕಲ್ಲನ್ನು ಮತ್ತೆ ಪಡೆಯುವಂತಿಲ್ಲ.

ವಿಳಂಬದ ಬೆಲೆ ಏನೆಂಬುದನ್ನು ಈ ಕಾಲುವೆಯ ಮೇಲ್ಗಾಲುವೆಗಳು ತೋರಿಸಿಕೊಟ್ಟಿವೆ. ಕಟಾಕ್ಟಿನ್ ಮೇಲ್ಗಾಲುವೆಯ ಮೂರು ಕಮಾನುಗಳಲ್ಲಿ ಎರಡು ೧೯೭೩ರಲ್ಲಿ ಕುಸಿದುವು. ಅದು ಮತ್ತೆ ಎದ್ದುನಿಂತದ್ದು ೨೦೧೧ರಲ್ಲಿ. ೧೯೭೨ರ ಆಗ್ನೆಸ್ ಚಂಡಮಾರುತದಲ್ಲಿ ಪೆಟ್ಟುತಿಂದ ಮೊನಾಕಸಿ ಮೇಲ್ಗಾಲುವೆಯು ದಶಕಗಳ ಕಾಲ ಉಕ್ಕಿನ ಕಟ್ಟುಗಳ ಆಧಾರದಲ್ಲಿ ನಿಂತಿದ್ದು, ೨೦೦೫ರಲ್ಲಿ ಜೀರ್ಣೋದ್ಧಾರ ಪಡೆಯಿತು. ಕಾನಕೊಚೀಗ್‌ನ ಗೋಡೆ ೧೯೨೦ರಲ್ಲಿ ಒಡೆದು ದೋಣಿಯೊಂದು ಹೊಳೆಗೆ ಬಿದ್ದಿತು. ಅಲ್ಲಿ ಮತ್ತೆ ನೀರು ಹರಿದು ದೋಣಿ ಸಾಗಿದ್ದು ೨೦೧೯ರಲ್ಲಿ. ಮೇಲ್ಗಾಲುವೆಗಳು ನೋಡುವವರ ಕಣ್ಣಿಗೆ ಬೀಳುತ್ತವೆ, ಅವುಗಳಿಗಾಗಿ ವಾದಿಸುವವರಿರುತ್ತಾರೆ. ಏರಿಯ ಅಡಿಯ ಮೋರಿಗೆ ಆ ಭಾಗ್ಯವಿಲ್ಲ.

ಕೊನೆಯದಾಗಿ ಇತಿಹಾಸಕಾರನಿಗೆ ಸಂಬಂಧಪಟ್ಟ ಪ್ರಶ್ನೆ. ಬೆಂಕಿ ಆರಿಸುವ ವಾಹನ ಹಾಯಲಾರದೆಂದು ಕಮಾನನ್ನು ಒಡೆದು ಅಗಲಿಸಿದರೆ ಒಡಂಬಡಿಕೆಯ ದಾಖಲೆ ಹೋಯಿತು. ಅಪಾಯವೆಂದು ಹಾದಿಯನ್ನು ಮುಚ್ಚಿದರೆ ಕಲ್ಲು ಉಳಿಯುತ್ತದೆ; ಆದರೆ ಯಾವ ಊರವರಿಗಾಗಿ ಅದನ್ನು ಕಟ್ಟಿದರೋ ಅವರ ದಾರಿ ಕಡಿದುಹೋಗುತ್ತದೆ. ಎರಡೂ ನಷ್ಟವೇ. ೧೯೬೪ರ ವೆನಿಸ್ ಸನ್ನದು ಈ ವಿಷಯದಲ್ಲಿ ಎರಡು ಉಪಯುಕ್ತ ಸೂತ್ರಗಳನ್ನು ಕೊಟ್ಟಿದೆ: ಸ್ಮಾರಕವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸುವುದು ಅದರ ರಕ್ಷಣೆಗೆ ಸಹಾಯಕ, ಎಲ್ಲ ಕಾಲದವರ ನ್ಯಾಯವಾದ ಸೇರ್ಪಡೆಗಳೂ ಗೌರವಾರ್ಹ. ಇವನ್ನು ಒಪ್ಪಿದರೆ, ವಾಹನದ ಎತ್ತರಕ್ಕೂ ತೂಕಕ್ಕೂ ಮಿತಿಯನ್ನಿಟ್ಟು, ಕಮಾನನ್ನು ಬದಲಿಸದೆ, ಹಾದಿಯನ್ನು ತೆರೆದಿಡುವುದೇ ಮಧ್ಯಮ ಮಾರ್ಗವೆಂದು ನಮಗೆ ತೋರುತ್ತದೆ.

ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕೃಷ್ಣರಾಜಸಾಗರದ ಅಣೆಕಟ್ಟು ಎದ್ದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ನೀರಿನಲ್ಲಿ ಗಟ್ಟಿಯಾಗುವ ಗಾರೆಯನ್ನು ಪೊಟೋಮ್ಯಾಕ್ ತೀರದವರು ಬೆಟ್ಟದ ಕಲ್ಲಿನಿಂದ ಪಡೆದರು, ನಮ್ಮವರು ಇಟ್ಟಿಗೆಯ ಪುಡಿಯಿಂದ ಪಡೆದರು. ಇಂಥ ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಡತದ ಜೊತೆಗೆ ಗಾರೆಯನ್ನೂ ಓದಲು ಕಲಿಯಬೇಕು. ದುರಸ್ತಿಯವರು ಬರುವ ಮುನ್ನ ನಾವು ಅಲ್ಲಿಗೆ ಹೋಗಿ ಅಳೆದು ಬರೆದಿಡದಿದ್ದರೆ, ಅನಂತರ ಓದಲು ಅಲ್ಲಿ ಏನೂ ಉಳಿದಿರಲಾರದು.